ದೊಡ್ಡಪ್ಪನ ಮೆಕ್ಯಾನೊ, ಸಿಲ್ವರ್ ಮರದ ತುಂಡು, ಸೈಕಲ್ಲಿನ ವಾಲ್ ಟ್ಯೂಬು

ಅರಸೀಕೆರೆಯ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಬಿಸ್ಕತ್ ಡಬ್ಬ ಸಿಕ್ಕಿತು. ಎತ್ತಿದರೆ ಕಲ್ಲಿನಂಥ ಭಾರ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಒಳಗೆ ತೂತು ತೂತಿನ ಕಬ್ಬಿಣದ ಪಟ್ಟಿಗಳು, ಹಿತ್ತಾಳೆಯ ಹಲ್ಲಿನ ಚಕ್ರಗಳು, ಎರಡು ಹಿಡಿ ನಟ್ಟು ಬೋಲ್ಟು, ಜೊತೆಗೆ ಎರಡು ಸತ್ತ ಜಿರಲೆ.

ದೊಡ್ಡಪ್ಪ ರೈಲ್ವೆಯಲ್ಲಿದ್ದರು. ಬೊಂಬಾಯಿಗೆ ಹೋಗಿದ್ದಾಗ ಮಗನಿಗೆ ಅಂತ ತಂದ ಮೆಕ್ಯಾನೊ ಸೆಟ್ಟು ಅದು, ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸಿ ಕ್ರೇನು, ಗಾಡಿ ಕಟ್ಟುವ ಆಟಿಕೆ. ಮಗ ಆಡಿದ್ದಕ್ಕಿಂತ ದೊಡ್ಡಪ್ಪ ಆಡಿದ್ದೇ ಜಾಸ್ತಿ ಅಂತ ಮನೆಯಲ್ಲಿ ಮಾತು. ಪಟ್ಟಿಗಳಿಗೆ ಕೆಂಪು, ಹಸಿರು ಬಣ್ಣ. ಒರೆಸಿದರೆ ‘ಮೇಡ್ ಇನ್ ಇಂಗ್ಲೆಂಡ್’ ಅನ್ನೋ ಅಚ್ಚು ಕಾಣುತ್ತದೆ.

ನನಗೆ ಹಾಸನದಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟು, ಕಾಫಿ ಪಲ್ಪರ್ ಮೋಟಾರು ಬರುತ್ತವೆ. ಡ್ರಿಲ್ಲು, ಬಿಗಿಹಿಡಿಯುವ ವೈಸು, ದಪ್ಪ ಅಳೆಯುವ ವರ್ನಿಯರ್ ಎಲ್ಲ ಕೈಗೆಟುಕುವ ಹಾಗೇ ಇದೆ. ದಸರಾ ರಜೆಗೆ ಅಕ್ಕನ ಮಗ ಬಂದಿದ್ದ, 9 ವರ್ಷ. ನನ್ನ ಮಗಳಿಗೆ 4. ಒಬ್ಬನಿಗೆ ಮೆಕ್ಯಾನೊ ರಿಪೇರಿ ಮಾಡಿಕೊಡೋಣ, ಇನ್ನೊಬ್ಬಳಿಗೆ ಮರದ ಬ್ಲಾಕು ಮಾಡೋಣ, ಎರಡು ದಿನದ ಕೆಲಸ ಅಂದುಕೊಂಡೆ. ಹನ್ನೊಂದು ದಿನ ಹಿಡಿಯಿತು. ಏನೇನು ಮಾಡಿದೆ, ಎಲ್ಲೆಲ್ಲಿ ಕೆಡಿಸಿದೆ ಅಂತ ಬರೆದಿಡುತ್ತಿದ್ದೇನೆ. ಅಟ್ಟದ ಮೇಲೆ ಇಂಥ ಡಬ್ಬ ಇರುವವರು ಇನ್ನೂ ಇದ್ದಾರು.

ಮೊದಲ ದಿನ: ಹುಣಸೆಹಣ್ಣು

ತುಕ್ಕು ತೆಗೆಯೋಕೆ ಹುಣಸೆಹಣ್ಣಿಗಿಂತ ಸುಲಭದ್ದು ಏನಿದೆ? ದೇವರ ಸಾಮಾನು ಬೆಳಗುವ ಮನೆಯಲ್ಲಿ ಹುಟ್ಟಿದವನಿಗೆ ಬೇರೇನೂ ಹೊಳೆಯಲಿಲ್ಲ. ಒಂದು ಬಕೆಟ್ಟಿನಲ್ಲಿ ಹುಣಸೆ ಕಿವುಚಿ, ಎಲ್ಲವನ್ನೂ ಒಟ್ಟಿಗೆ ಹಾಕಿ ಮಲಗಿಬಿಟ್ಟೆ.

ಬೆಳಗ್ಗೆ ಹಿತ್ತಾಳೆ ಚಕ್ರಗಳು ಹೊಸ ಚೊಂಬಿನ ಹಾಗೆ ಫಳಫಳ. ಚಕ್ರ ಸಿಕ್ಕಿಸುವ ಕಬ್ಬಿಣದ ಸರಳುಗಳು ಮಾತ್ರ ಕಪ್ಪು. ಬಣ್ಣದ ಪಟ್ಟಿಗಳ ಗತಿ ಇನ್ನೂ ಕೆಟ್ಟದು. ತೂತಿನ ಅಂಚಿನಲ್ಲಿ ಎಲ್ಲಿ ಮೊದಲೇ ಬಣ್ಣ ಎದ್ದಿತ್ತೋ ಅಲ್ಲಿಂದ ಹುಳಿ ಒಳಗೆ ನುಗ್ಗಿತ್ತು. ಉಗುರಿನಲ್ಲಿ ಕೆರೆದರೆ ಹಸಿರು ಬಣ್ಣ ಸಿಪ್ಪೆಯ ಹಾಗೆ ಬರುತ್ತಿತ್ತು. ಅರವತ್ತು ವರ್ಷ ಅಟ್ಟದ ಮೇಲೆ ಉಳಿದ ಬಣ್ಣವನ್ನು ನಾನು ಒಂದೇ ರಾತ್ರಿಯಲ್ಲಿ ತೆಗೆದೆ.

ಆಮೇಲೆ ಬುದ್ಧಿ ಬಂತು. ಹಿತ್ತಾಳೆಗೆ ಹುಣಸೆ, ಅದೂ ಹತ್ತು ನಿಮಿಷ ಸಾಕು. ಬಣ್ಣದ ಪಟ್ಟಿಗೆ ಬರೀ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು, ತಕ್ಷಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ. ಸರಳಿಗೆ ಸಣ್ಣ ಎಮರಿ ಕಾಗದ, ಕೊನೆಗೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ.

ಎರಡನೇ ದಿನ: ಬಾರದ ನಟ್ಟು

ಪಟ್ಟಿ ಎಣಿಸಿದೆವು. 25 ತೂತಿನವು ನಾಲ್ಕಿರಬೇಕಿತ್ತು, ನಾಲ್ಕೂ ಇದ್ದವು. 11 ತೂತಿನವು ಎಂಟರಲ್ಲಿ ಐದೇ. ಬೋಲ್ಟು ಸುಮಾರಿದ್ದವು, ನಟ್ಟು ಅದರ ಅರ್ಧ. ನಟ್ಟು ತಾನೇ, ತಂದರಾಯಿತು ಅಂತ ಬೋಲ್ಟು ಅಂಗಡಿಗೆ ಹೋಗಿ ಎಂ4 ನಟ್ಟು ನೂರು ತಂದೆ.

ಹುಡುಗ ಕೂತು ತಿರುಗಿಸಿದ. ಒಂದೂವರೆ ಸುತ್ತು ಹೋಯಿತು, ನಿಂತಿತು.

‘ಮಾವ, ಇದು ಕಚ್ಕೊಂತು.’

‘ಜೋರಾಗಿ ತಿರುಗಿಸೋ.’

ಜೋರಾಗಿ ತಿರುಗಿಸಿದ. ಬೋಲ್ಟಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕಿತ್ತುಬಂತು. ತಪ್ಪು ನನ್ನದೇ. ವರ್ನಿಯರ್ ಹಿಡಿದು ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ದಪ್ಪ ಹೆಚ್ಚುಕಮ್ಮಿ ಒಂದೇ. ಮೆಕ್ಯಾನೊ ಬೋಲ್ಟು 5/32 ಇಂಚಿನದು, ಅಂದರೆ 3.97 ಮಿಲಿಮೀಟರ್. ಎಂ4 ಬೋಲ್ಟು 4 ಮಿಲಿಮೀಟರ್. ವ್ಯತ್ಯಾಸ ಇರುವುದು ಮರೆಯಲ್ಲಿ. ಹಳೆಯದು ಬ್ರಿಟಿಷ್ ವಿಟ್‌ವರ್ತ್ ಅಳತೆ, ಇಂಚಿಗೆ 32 ಮರೆ. ಒಂದು ಮರೆಯಿಂದ ಇನ್ನೊಂದಕ್ಕೆ 0.79 ಮಿಲಿಮೀಟರ್. ಎಂ4ರಲ್ಲಿ ಅದು 0.7. ಮೊದಲ ಒಂದೆರಡು ಸುತ್ತು ಹೊಂದಿಕೊಂಡ ಹಾಗೆ ನಟಿಸುತ್ತದೆ, ಆಮೇಲೆ ಒಂದರ ಹಲ್ಲು ಇನ್ನೊಂದರ ಹಲ್ಲಿನ ಮೇಲೆ ಹತ್ತಿ ಕೂರುತ್ತದೆ. ಹಳೇ ಲೇತಿನ ಬೋಲ್ಟು ಹುಡುಕುವಾಗ ಇದೇ ಗೋಳು ಎಷ್ಟು ಸಲ ಅನುಭವಿಸಿಲ್ಲ ನಾನು. ಮಕ್ಕಳ ಆಟಿಕೆಯಲ್ಲೂ ಬಂದೀತು ಅಂತ ಅಂದುಕೊಂಡಿರಲಿಲ್ಲ ಅಷ್ಟೇ.

ಪರಿಹಾರ ಸುಲಭ. ಎಂ4 ನಟ್ಟಿಗೆ ಎಂ4 ಬೋಲ್ಟೇ ತಂದೆ. ಪಟ್ಟಿಯ ತೂತಿನಲ್ಲಿ ಎಂ4 ಬೋಲ್ಟು ಆರಾಮಾಗಿ ತೂರುತ್ತದೆ. ಹೊಸ ನಟ್ಟು ಬೋಲ್ಟಿನ ತಲೆಗೆಲ್ಲ ಹಸಿರು ಇನಾಮೆಲ್ ಬಣ್ಣ ಹಚ್ಚಿದೆವು. ಹಸಿರಿಗೆ ಹಸಿರು, ಬೋಳಿಗೆ ಬೋಳು. ಎರಡು ಬೇರೆ ಡಬ್ಬ. ಹಿತ್ತಾಳೆ ಚಕ್ರಗಳನ್ನು ಸರಳಿಗೆ ಬಿಗಿಯುವ ಪುಟ್ಟ ಸ್ಕ್ರೂಗಳೂ ಹಳೇ ಅಳತೆಯವೇ. ಅವನ್ನು ಕಳೆದರೆ ಕೆಟ್ಟೆವು ಅಂತ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ.

ಮೂರು, ನಾಲ್ಕು: ಹನ್ನೊಂದು ತೂತು

ಬಾಕಿ ಮೂರು ಪಟ್ಟಿ. ಹಳೇ ಸ್ಟಾರ್ಟರ್ ಡಬ್ಬದ ಮುಚ್ಚಳ ಒಂದು ಮಿಲಿಮೀಟರ್ ದಪ್ಪ ಇತ್ತು. ಅರ್ಧ ಇಂಚು ಅಗಲಕ್ಕೆ ಕತ್ತರಿಸಬೇಕು. ತಗಡು ಕತ್ತರಿ ಹಾಕಿದೆ, ಪಟ್ಟಿ ಸುರುಳಿ ಸುತ್ತಿಕೊಂಡು ಚಕ್ಕುಲಿ ಆಯಿತು. ಹ್ಯಾಕ್ಸಾದಲ್ಲಿ ಕೊಯ್ದೆ. ನಿಧಾನ, ಆದರೆ ನೇರ.

ಮೆಕ್ಯಾನೊದ ಜೀವ ಇರುವುದು ಅದರ ತೂತುಗಳ ನಡುವಿನ ಅಂತರದಲ್ಲಿ. ಅರ್ಧ ಇಂಚು, 12.7 ಮಿಲಿಮೀಟರ್. ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎನ್ನುವವರು ತಮ್ಮ ಮಕ್ಕಳಿಗೆ ಅಂತ ತಗಡಿನ ಪಟ್ಟಿ ಕೊಯ್ದು ಮಾಡಿಕೊಟ್ಟ ಆಟಿಕೆ ಇದು. 1901ರಲ್ಲಿ ಪೇಟೆಂಟ್ ಪಡೆದರು, 1907ರಲ್ಲಿ ಮೆಕ್ಯಾನೊ ಅನ್ನೋ ಹೆಸರಿಟ್ಟರು. ಲಿವರ್‌ಪೂಲಿನ ಕಾರ್ಖಾನೆ 1979ರಲ್ಲಿ ಮುಚ್ಚಿತು. ಆದರೆ ಆ ಅರ್ಧ ಇಂಚು ಕೊನೆವರೆಗೂ ಅಲ್ಲಾಡಲಿಲ್ಲ. ದೊಡ್ಡಪ್ಪನ ಪಟ್ಟಿಗೆ ಅದಕ್ಕಿಂತ ಹಳೆಯದನ್ನೋ ಹೊಸದನ್ನೋ ತಂದಿಟ್ಟರೂ ತೂತಿಗೆ ತೂತು ಕೂರುತ್ತದೆ.

ನಾನೇನು ಮಾಡಿದೆ? ಮೊದಲ ತೂತಿನಿಂದ 12.7 ಅಳೆದು ಎರಡನೆಯದಕ್ಕೆ ಪಂಚ್ ಹೊಡೆದೆ. ಎರಡನೆಯದರಿಂದ ಅಳೆದು ಮೂರನೆಯದಕ್ಕೆ. ಹೀಗೆ ಹನ್ನೊಂದರವರೆಗೆ. ಒಂದೊಂದು ಸಲ ತಪ್ಪಿದ್ದು ಕಾಲು ಮಿಲಿಮೀಟರೂ ಇಲ್ಲ. ಆದರೆ ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಹಳೇ ಪಟ್ಟಿಯ ಮೇಲಿಟ್ಟರೆ ಮೊದಲ ತೂತು ಸರಿ, ಐದನೆಯದರಲ್ಲಿ ಬೆಳಕು ಅರ್ಧಚಂದ್ರ, ಹನ್ನೊಂದನೆಯದು ಅಮಾವಾಸ್ಯೆ. ಎರಡು ಮಿಲಿಮೀಟರ್ ಹೋಗಿತ್ತು.

ಎರಡನೇ ಪಟ್ಟಿಗೆ ಅಳೆಯುವ ಗೋಜಿಗೇ ಹೋಗಲಿಲ್ಲ. ಹಳೇ ಪಟ್ಟಿಯನ್ನೇ ಹೊಸದರ ಮೇಲಿಟ್ಟು ವೈಸಿನಲ್ಲಿ ಹಿಡಿದೆ. 4.2 ಮಿಲಿಮೀಟರಿನ ಡ್ರಿಲ್ ಬಿಟ್ಟು ಹಾಕಿದೆ. ಎಂ5 ಮರೆ ಹಾಕೋಕೆ ಅಂತ ನನ್ನ ಹತ್ತಿರ ಹೇಗೂ ಇರುತ್ತದೆ ಅದು. ಒಂದು ತುದಿಯ ತೂತು ಮೊದಲು ಕೊರೆದು ಅದಕ್ಕೆ ಬೋಲ್ಟು ಬಿಗಿದೆ. ಆಮೇಲೆ ಇನ್ನೊಂದು ತುದಿ, ಅದಕ್ಕೂ ಬೋಲ್ಟು. ಎರಡೂ ಕಡೆ ಕಟ್ಟಿಹಾಕಿದ ಮೇಲೆ ನಡುವಿನ ಒಂಬತ್ತು ತೂತಿಗೆ ಜಾರಲು ಜಾಗವೇ ಇಲ್ಲ. ಬಿಟ್ಟು ನೆಟ್ಟಗೆ ಇಳಿಯಬೇಕು ಅಷ್ಟೇ. ವಾಲಿದರೆ ಹಳೇ ಪಟ್ಟಿಯ ತೂತನ್ನೇ ತಿನ್ನುತ್ತದೆ. ಅದಕ್ಕೆ ಡ್ರಿಲ್ಲನ್ನು ಸ್ಟ್ಯಾಂಡಿಗೆ ಹಾಕಿಯೇ ಕೊರೆದೆ. ಅಂಚನ್ನು ಅರದಲ್ಲಿ ಉಜ್ಜಿ, ತುದಿಗಳನ್ನು ಗುಂಡಗೆ ಮಾಡಿ, ತೂತಿನ ಚೂಪು ಎಳೆಗಳನ್ನು ದಪ್ಪ ಬಿಟ್ಟಿನಿಂದ ಕೈಯಲ್ಲೇ ತಿರುವಿ ತೆಗೆದೆ. ಮಕ್ಕಳ ಬೆರಳು ಸವರುವ ಜಾಗ ಅದು.

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ನನ್ನ ಹೆಂಡತಿ ಕೇಳಿದಳು. ಚಕ್ರಗಳನ್ನು ಹಾಕಿದಾಗ ಉತ್ತರ ಸಿಕ್ಕಿತು. ಸೆಟ್ಟಿನಲ್ಲಿ 19 ಹಲ್ಲಿನ ಒಂದು ಪುಟ್ಟ ಚಕ್ರ, 57 ಹಲ್ಲಿನ ಒಂದು ದೊಡ್ಡ ಚಕ್ರ ಇದೆ. ಎರಡೂ ಸರಿಯಾಗಿ ಕಚ್ಚಿಕೊಳ್ಳಬೇಕಾದರೆ ಅವುಗಳ ಸರಳುಗಳ ನಡುವೆ ಒಂದು ಇಂಚು ಇರಬೇಕು, ಅಂದರೆ ಎರಡು ತೂತಿನ ಅಂತರ. ಹಾರ್ನ್‌ಬಿ ಹಲ್ಲುಗಳನ್ನು ತೂತಿಗೆ ಹೊಂದಿಸಿಯೇ ಕೊಯ್ಸಿದ್ದು. ನನ್ನ ಮೊದಲ ಪಟ್ಟಿಯಲ್ಲಿ ಚಕ್ರ ಒಂದು ಸುತ್ತಿನಲ್ಲಿ ಮೂರು ಸಲ ಹಿಡಿದುಕೊಂಡಿತು. ಎರಡನೆಯದರಲ್ಲಿ ಉಫ್ ಅಂತ ಊದಿದರೆ ತಿರುಗಬೇಕು, ಹಾಗೆ. ಹಿಡಿಯನ್ನು ಮೂರು ಸುತ್ತು ತಿರುಗಿಸಿದರೆ ದಾರದ ಉರುಳೆ ಒಂದು ಸುತ್ತು. ಕೈಗೆ ಭಾರ ಮೂರನೇ ಒಂದು ಪಾಲು.

ಕ್ರೇನು ಎದ್ದು ನಿಂತಿದ್ದು ನಾಲ್ಕನೇ ದಿನ ರಾತ್ರಿ ಒಂಬತ್ತಕ್ಕೆ. ಕಾಲು ಕೆಜಿ ಕಾಫಿಪುಡಿ ಪ್ಯಾಕೆಟ್ಟನ್ನು ಊಟದ ಮೇಜಿನಿಂದ ಒಂದು ಮೊಳ ಮೇಲೆತ್ತಿತು. ತೆಂಗಿನಕಾಯಿ ಕಟ್ಟಿದೆವು. ಕ್ರೇನೇ ತಲೆಕೆಳಗಾಯಿತು. ಹಿಂದುಗಡೆ ಅಮ್ಮನ ಒಳಕಲ್ಲಿನ ಗುಂಡು ಇಟ್ಟು ಮತ್ತೆ ಪ್ರಯತ್ನ ಮಾಡಿದ್ದೂ ಆಯಿತು, ಬೈಸಿಕೊಂಡಿದ್ದೂ ಆಯಿತು.

ಐದನೇ ದಿನದಿಂದ: ಸಿಲ್ವರ್ ಮರ

ಮಗಳಿಗೆ ನಟ್ಟು ಬೋಲ್ಟು ಕೊಡುವ ಹಾಗಿಲ್ಲ. ನಾಲ್ಕು ವರ್ಷವಾದರೂ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಅಭ್ಯಾಸ ಪೂರ್ತಿ ಬಿಟ್ಟಿಲ್ಲ. ಅವಳಿಗೆ ಮರದ ಬ್ಲಾಕು.

ನಮ್ಮ ಕಡೆ ಕಾಫಿ ತೋಟದ ನೆರಳಿಗೆ ಸಿಲ್ವರ್ ಓಕ್ ಹಾಕುತ್ತಾರೆ. ಮೆಣಸಿನ ಬಳ್ಳಿ ಹಬ್ಬಿಸೋಕೂ ಅದೇ ಮರ. ಕಡಿದಾಗ ಸಾಮಿಲ್ಲಿಗೆ ಬರುತ್ತದೆ. ಹಲಗೆ ಕೊಯ್ದು ಉಳಿದ ತುಂಡುಗಳು ಒಲೆಗೆ. ಒಂದು ಗೋಣಿಚೀಲ ತುಂಡು ತುಂಬಿಸಿಕೊಂಡು ಬಂದೆ. ಒಂದಿಂಚು ದಪ್ಪ ಅಂತ ಕೊಟ್ಟರು.

ಮೊದಲ ಪಾಠ ಅಲ್ಲೇ. ಒಂದಿಂಚಿನ ಹಲಗೆಗೆ ತೋಪಡ ಹೊಡೆದರೆ ಒಂದಿಂಚು ಉಳಿಯುವುದಿಲ್ಲ. ಎರಡು ಮುಖ ನುಣುಪಾಗುವಷ್ಟರಲ್ಲಿ 22 ಮಿಲಿಮೀಟರ್ ಆಗಿತ್ತು. ನಾನು ಕಾಗದದ ಮೇಲೆ 25, 50, 100 ಅಂತ ಚೆನ್ನಾಗಿ ಬರೆದಿಟ್ಟುಕೊಂಡಿದ್ದೆ. ಆ ಕಾಗದ ಹರಿದೆ. ದಪ್ಪ ಎಷ್ಟು ಉಳಿಯಿತೋ ಅದೇ ಲೆಕ್ಕದ ಬುಡ. ದಪ್ಪ 22 ಆದರೆ ಅಗಲ 44, ಉದ್ದ 88.

ಈ ಒಂದು, ಎರಡು, ನಾಲ್ಕರ ಲೆಕ್ಕ ನನ್ನದಲ್ಲ. ಅಮೆರಿಕದ ಕ್ಯಾರೊಲಿನ್ ಪ್ರ್ಯಾಟ್ ಎನ್ನುವ ಟೀಚರು ನೂರು ವರ್ಷಕ್ಕೂ ಹಿಂದೆ ತಮ್ಮ ಶಾಲೆಯ ಮಕ್ಕಳಿಗೆ ಮಾಡಿಸಿದ ಬ್ಲಾಕುಗಳ ಅಳತೆ. ಅವರದು ನನ್ನದಕ್ಕಿಂತ ದೊಡ್ಡದು, ಐದೂವರೆ ಇಂಚು ಉದ್ದ. ಎರಡು ಅರ್ಧ ಸೇರಿದರೆ ಒಂದು ಪೂರ್ತಿ, ಎರಡು ಮಲಗಿಸಿದ ದಪ್ಪ ಸೇರಿದರೆ ಒಂದು ಅಗಲ. ಅದಕ್ಕೂ ಮುಂಚೆ ಜರ್ಮನಿಯ ಫ್ರೋಬೆಲ್, ಶಿಶುವಿಹಾರ ಅನ್ನೋ ಕಲ್ಪನೆ ತಂದವರು, ಒಂದು ಮರದ ಘನವನ್ನು ಎಂಟು ಸಣ್ಣ ಘನಗಳಾಗಿ ಕೊಯ್ದು ಮಕ್ಕಳ ಕೈಗಿತ್ತಿದ್ದರು. ಎಲ್ಲದರ ಗುಟ್ಟೂ ಒಂದೇ. ಭಾಗಿಸಿದ್ದು ಮತ್ತೆ ಸೇರಬೇಕು.

ನನ್ನದು ಸೇರಲಿಲ್ಲ. 88ರ ತುಂಡಿನ ನಟ್ಟ ನಡುವೆ, 44ಕ್ಕೆ ಗೆರೆ ಹಾಕಿ ಗರಗಸ ಎಳೆದೆ. ಹೀಗೆ ನಲವತ್ತು ತುಂಡು. ಉಜ್ಜಿ ನುಣುಪು ಮಾಡಿ ಹೆಮ್ಮೆಯಿಂದ ಮಗಳ ಮುಂದೆ ಸುರಿದೆ. ಒಂದು ಕಡೆ ಪೂರ್ತಿ ಬ್ಲಾಕು ನಿಲ್ಲಿಸಿದಳು, ಇನ್ನೊಂದು ಕಡೆ ಎರಡು ಅರ್ಧ ಒಂದರ ಮೇಲೊಂದು. ಮೇಲೆ ಉದ್ದದ ಹಲಗೆ ಇಟ್ಟಳು. ಹಲಗೆ ವಾಲಿತು. ಎರಡನೇ ಅಂತಸ್ತು ಕಟ್ಟಿದಳು, ಜಾಸ್ತಿ ವಾಲಿತು. ಮೂರನೆಯದು ಬಿತ್ತು. ಅಪ್ಪ, ಇದು ಸರಿ ಇಲ್ಲ ಅಂದಳು.

ತುಂಡು ಒಂದನ್ನು ಜೇಬಿಗೆ ಹಾಕಿಕೊಂಡು ನಮ್ಮ ಬೀದಿಯ ಆಚಾರ್ರ ಹತ್ತಿರ ಹೋದೆ. ಬಾಗಿಲ ಚೌಕಟ್ಟು ಮಾಡುತ್ತಿದ್ದರು. ತುಂಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು.

‘ಗೆರೆ ಮೇಲೇ ಕೊಯ್ದ್ರಾ?’

‘ಹೌದು ಆಚಾರ್ರೇ, ಸರಿಯಾಗಿ ಗೆರೆ ಮೇಲೇ.’

‘ಗರಗಸ ತಿಂದಿದ್ದನ್ನ ಯಾರು ಕೊಡ್ತಾರೆ ಸ್ವಾಮಿ?’

ಅಷ್ಟೇ. ಗರಗಸದ ಹಲ್ಲು ಎರಡು ಮಿಲಿಮೀಟರ್ ಮರವನ್ನು ಹೊಟ್ಟು ಮಾಡಿಬಿಡುತ್ತದೆ. 88ರಲ್ಲಿ ಉಳಿಯುವುದು 86. ಅದರ ಅರ್ಧ 43. ಸ್ಯಾಂಡ್ ಪೇಪರ್ ಇನ್ನೊಂದು ಅರ್ಧ ತಿನ್ನುತ್ತದೆ. ಎರಡು ಅರ್ಧ ಸೇರಿದರೆ 85. ಪೂರ್ತಿಗಿಂತ ಮೂರು ಮಿಲಿಮೀಟರ್ ಗಿಡ್ಡ. ದಿನವೂ ಮೈಕ್ರಾನ್ ಮಾತಾಡುವ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ನಾಚಿಕೆ ಆಯಿತು. ಲೋಹ ಕೊರೆದು ಗೊತ್ತೇ ಹೊರತು ಮರ ಕೊಯ್ದು ಗೊತ್ತಿಲ್ಲ.

ಆಚಾರ್ರು ಒಂದು ಹಲಗೆಯ ಮೇಲೆ ಎರಡು ಅಂಚುಪಟ್ಟಿ ಹೊಡೆದು, ನಡುವೆ ಗರಗಸ ಇಳಿಯುವಷ್ಟು ಸೀಳು ಬಿಟ್ಟು ಕೊಟ್ಟರು. ಸೀಳಿನಿಂದ ಸರಿಯಾಗಿ 44.5ಕ್ಕೆ ಒಂದು ಅಡ್ಡ ಮರ, ಮೊಳೆ ಹೊಡೆದು. ಮರದ ತುದಿಯನ್ನು ಅದಕ್ಕೆ ಆನಿಸು, ಕೊಯ್ಯಿ, ಮುಂದೆ ತಳ್ಳು, ಆನಿಸು, ಕೊಯ್ಯಿ. ಟೇಪೂ ಬೇಡ, ಪೆನ್ಸಿಲ್ಲೂ ಬೇಡ. ಆ ಅರ್ಧ ಮಿಲಿಮೀಟರ್ ಉಜ್ಜುವುದಕ್ಕೆ ಬಿಟ್ಟಿದ್ದು. ಎರಡನೇ ಸಲ ಮಾಡಿದ ಅರವತ್ತು ತುಂಡಿನಲ್ಲಿ ಯಾವ ಎರಡು ಅರ್ಧ ಎತ್ತಿಕೊಂಡರೂ ಪೂರ್ತಿಗೆ ಸಮ. ಬೆರಳು ಸವರಿದರೆ ಮೆಟ್ಟಿಲು ಸಿಗುವುದಿಲ್ಲ. ಮೊದಲಿನ ನಲವತ್ತು ತುಂಡು ನೀರೊಲೆಗೆ ಹೋಗಲಿಲ್ಲ. ಮಗಳು ಅವುಗಳ ತಲೆಗೆ ಕೆಂಪು ಚುಕ್ಕೆ ಇಟ್ಟು ‘ಕುಳ್ಳ ಬ್ಲಾಕು’ ಅಂತ ಹೆಸರಿಟ್ಟಳು. ಈಗ ಅವೇ ಮನೆ ಬಾಗಿಲು, ಕಿಟಕಿ.

ಬಣ್ಣ ಹಾಕಲಿಲ್ಲ. ಚನ್ನಪಟ್ಟಣದ ಬೊಂಬೆಗಳ ಹಾಗೆ ಅರಗಿನ ಬಣ್ಣ ಹಾಕೋಣ ಅಂತ ಆಸೆ ಇತ್ತು. ಆದರೆ ಅದು ಚರಕಿಯ ಕೆಲಸ. ಮರ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಗುಂಡಗಿರುವುದಕ್ಕೆ ಸರಿ, ಚೌಕಕ್ಕೆ ಆಗುವುದಿಲ್ಲ. ಬೋಳು ಮರವೇ ಇರಲಿ ಅಂತ ಬಿಟ್ಟೆ. ಒಂದು ಲಾಭವೂ ಇದೆ. ನುಣುಪು ಬಣ್ಣದ ಬ್ಲಾಕು ಜಾರುತ್ತದೆ, ಬೋಳು ಮರ ಒಂದನ್ನೊಂದು ಹಿಡಿದುಕೊಳ್ಳುತ್ತದೆ.

ಮಧ್ಯದಲ್ಲಿ ಒಂದು ದಿನ ಎಲ್ಲರೂ ಬೇಲೂರಿಗೆ ಹೋಗಿದ್ದೆವು. ಚೆನ್ನಕೇಶವನ ದೇವಸ್ಥಾನದ ಅಂಗಳದ ಆ ಎತ್ತರದ ಕಂಬ, ಜಗತಿಯ ಮೇಲೆ ಬರೀ ತನ್ನ ಭಾರಕ್ಕೇ ನಿಂತಿದೆಯಲ್ಲ, ಅದರ ಬುಡದ ಸಂದಿಯಲ್ಲಿ ಹುಡುಗ ಬಗ್ಗಿ ಬಗ್ಗಿ ನೋಡಿದ. ‘ನಟ್ಟೂ ಇಲ್ಲ, ಗಮ್ಮೂ ಇಲ್ಲ’ ಅಂದ. ಮಗಳು ಅದನ್ನು ದೂಡಿ ನೋಡೋಕೆ ಹೋದಳು, ಹಿಡಿದು ಎಳೆದುಕೊಂಡು ಬಂದೆ.

ಎಂಟನೇ ದಿನ: ಕಚ್ಚುವ ಇಟ್ಟಿಗೆ

ಹುಡುಗ ಬೆಂಗಳೂರಿನಿಂದ ತನ್ನ ಲೆಗೊ ಡಬ್ಬ ತಂದಿದ್ದ, ಒಂದರ ಮೇಲೊಂದು ಒತ್ತಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳು. ಜೊತೆಗೆ ಹೋದ ವರ್ಷ ಹಾಸನಾಂಬ ಜಾತ್ರೆಯ ಹೊತ್ತಿನಲ್ಲಿ ರಸ್ತೆ ಬದಿ ನಾನೇ ಕೊಡಿಸಿದ್ದ ಅಗ್ಗದ ಇಟ್ಟಿಗೆಗಳೂ ಇದ್ದವು. ಎರಡೂ ಬೆರೆತಿದ್ದವು. ಒಂದರ ಮೇಲೊಂದು ಕೂರುತ್ತವೆ, ಆದರೆ ಗೋಡೆ ಕಟ್ಟಿದರೆ ಬಿಲ್ಲಿನ ಹಾಗೆ ಬಾಗುತ್ತದೆ.

ವರ್ನಿಯರ್ ತಂದೆವು. ಈಗ ಅದನ್ನು ಹಿಡಿಯುವುದು ಅವನೇ. ಲೆಗೊದಲ್ಲಿ ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6. ಎರಡು ಗುಬುಟಿನ ಇಟ್ಟಿಗೆ 16 ಇರಬೇಕಲ್ವಾ? ಇಲ್ಲ, 15.8. ಪಕ್ಕದ ಇಟ್ಟಿಗೆಗೆ ಉಸಿರಾಡಲು ಅಂತ 0.2 ಬಿಟ್ಟಿದ್ದಾರೆ. ಅಗ್ಗದ್ದು ನೋಡಿದರೆ 16.1. ಹತ್ತು ಸೇರಿದರೆ ಒಂದನ್ನೊಂದು ದೂಡಿ ಗೋಡೆ ಹೊಟ್ಟೆ ಬಿಡುತ್ತದೆ.

ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ಅಗ್ಗದ ಇಟ್ಟಿಗೆಯ ಒಂದು ಪಕ್ಕ ಉಜ್ಜಿದೆವು. ಒಂದಕ್ಕೆ ಮೂರು ನಿಮಿಷ. ಹನ್ನೆರಡು ಮುಗಿಸುವಷ್ಟರಲ್ಲಿ ಇಬ್ಬರಿಗೂ ಸಾಕಾಯಿತು. ಉಳಿದವು ಕಂಬ ಕಟ್ಟೋಕೆ ಮಾತ್ರ ಅಂತ ತೀರ್ಮಾನ ಮಾಡಿದೆವು. ಅಂದಹಾಗೆ ಆ ಪೊಟ್ಟಣದ ಮೇಲೆ ಐಎಸ್‌ಐ ಗುರುತೇ ಇರಲಿಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಕೊಳ್ಳುವಾಗ ನಾನು ನೋಡಿರಲಿಲ್ಲ.

ಇಟ್ಟಿಗೆಯನ್ನು ತಿರುಗಿಸಿ ನೋಡಿದರೆ ಒಳಗೆ ಕೊಳವೆಗಳಿವೆ. ಕೆಳಗಿನ ಇಟ್ಟಿಗೆಯ ಗುಬುಟು ಆ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನಲ್ಲಿ 1932ರಲ್ಲಿ ಮರದ ಆಟಿಕೆ ಮಾಡಲು ಕೂತ ಬಡಗಿಯ ಅಂಗಡಿಯಿಂದ ಬೆಳೆದದ್ದು ಲೆಗೊ. ಈ ಕೊಳವೆಯ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ. ಎಂಟು ಗುಬುಟಿನ ಆರೇ ಆರು ಇಟ್ಟಿಗೆಯನ್ನು 91,51,03,765 ರೀತಿ ಜೋಡಿಸಬಹುದು ಅಂತ ಹುಡುಗ ಒಂದೇ ಉಸಿರಿಗೆ ಹೇಳಿದ. ಹದಿನೇಳರ ಮಗ್ಗಿ ಕೇಳಿದೆ, ಎದ್ದು ಹೋದ.

ನನಗೆ ಇಷ್ಟವಾದ ಲೆಕ್ಕ ಬೇರೆ. ಐದು ಇಟ್ಟಿಗೆ ಪೇರಿಸಿದರೆ 48 ಮಿಲಿಮೀಟರ್ ಎತ್ತರ. ಆರು ಗುಬುಟಿನ ಉದ್ದವೂ ಹೆಚ್ಚುಕಮ್ಮಿ 48. ಹಾಗಾಗಿ ಐದು ಸಾಲಿನ ಗೋಡೆಯ ಪಕ್ಕಕ್ಕೆ ಆರು ಗುಬುಟಿನ ಇಟ್ಟಿಗೆಯನ್ನು ನಿಲ್ಲಿಸಿದರೆ ತಲೆ ಸಮಕ್ಕೆ ಬರುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಲೆಗೊ ನನಗೆ ಅಷ್ಟು ಹಿಡಿಸಲಿಲ್ಲ. ತುಂಬ ಸಲೀಸು ಅದು. ಒತ್ತಿದರೆ ಕಚ್ಚುತ್ತದೆ, ತಪ್ಪು ಮಾಡಲು ಬಿಡುವುದೇ ಇಲ್ಲ. ಡಬ್ಬದ ಮೇಲಿನ ಚಿತ್ರ ಮುಗಿದ ಮೇಲೆ ಹುಡುಗ ಅದನ್ನು ಕಪಾಟಿನಲ್ಲಿಟ್ಟ. ನೀವು ಬೇರೆ ಹೇಳಬಹುದು, ನಾನು ನಮ್ಮ ಮನೆಯಲ್ಲಿ ಕಂಡಿದ್ದು ಇದು.

ಒಂಬತ್ತು, ಹತ್ತು: ಮಳೆ ಹಿಡಿದ ದಿನಗಳು

ಕರೆಂಟೂ ಇಲ್ಲ, ಹೊರಗೆ ಹೋಗುವ ಹಾಗೂ ಇಲ್ಲ. ಎದುರಿನ ಸೈಕಲ್ ಶಾಪಿನಿಂದ ವಾಲ್ ಟ್ಯೂಬು, ಅಂದರೆ ಗಾಳಿ ತುಂಬುವ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ, ಒಂದು ಮೀಟರ್ ತಂದೆ. ಜೊತೆಗೆ ಎರಡು ಬೆಂಕಿಪೊಟ್ಟಣ, ಮರದ ಕಡ್ಡಿಯದು. ಮೇಣದ ಕಡ್ಡಿ ಬಳುಕುತ್ತದೆ.

ಇದು ಅರವಿಂದ ಗುಪ್ತಾ ಅವರ ಉಪಾಯ. ಕಾನ್ಪುರ ಐಐಟಿಯಲ್ಲಿ ಓದಿದವರು, 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಹೋದರು. ಸಂತೆಯಲ್ಲಿ ಸಿಗುವ ಸಾಮಾನಿನಿಂದಲೇ ಆಟಿಕೆ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿಯ ತಲೆಯ ಮದ್ದು ಕೆರೆದು ತೆಗೆಯಬೇಕು. ಟ್ಯೂಬನ್ನು ಒಂದೂವರೆ ಸೆಂಟಿಮೀಟರಿಗೆ ಕತ್ತರಿಸಿ ಎರಡು ಕಡೆಯಿಂದ ಕಡ್ಡಿ ತೂರಿಸಬೇಕು. ಮಡಚುವ ಮೂಲೆ ತಯಾರು. ಮೂರನೇ ಕಡ್ಡಿ ಬೇಕಾದರೆ ಟ್ಯೂಬಿನ ನಡುವೆ ದಬ್ಬಣದಲ್ಲಿ ಚುಚ್ಚಿ, ಕಡ್ಡಿಯ ತುದಿ ಚೂಪು ಮಾಡಿ ತಳ್ಳಬೇಕು. ದಬ್ಬಣ ಚುಚ್ಚುವಾಗ ಟ್ಯೂಬಿನೊಳಗೆ ಕಡ್ಡಿ ಇಟ್ಟುಕೊಳ್ಳಬೇಡಿ, ಬೆರಳಿಗೆ ಜಾರುತ್ತದೆ. ನನಗೆ ಜಾರಿತು.

ಹುಡುಗ ತ್ರಿಕೋನ ಮಾಡಿದ, ಗಟ್ಟಿ. ಚೌಕ ಮಾಡಿದ, ಒತ್ತಿದರೆ ವಾಲಿ ಮಲಗಿತು. ಘನ ಮಾಡಿದ, ಅದಂತೂ ಕುಡಿದವನ ಹಾಗೆ. ಅಡ್ಡ ಕಡ್ಡಿ ಕೊಡು ಅಂದೆ. ಮೂಲೆಯಿಂದ ಮೂಲೆಗೆ ಬೆಂಕಿಕಡ್ಡಿ ಸಾಲದು. ಊದುಬತ್ತಿಯ ಉರಿದುಳಿದ ಕಡ್ಡಿ ಹಾಕಿದರೆ ಟ್ಯೂಬಿನಲ್ಲಿ ಸಡಿಲ. ತೆಂಗಿನ ಪೊರಕೆಯ ಕಡ್ಡಿ ಸರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಅಮ್ಮನ ಪೊರಕೆ ಅರ್ಧ ಆಗಿತ್ತು.

ಒಂದೊಂದು ಮುಖಕ್ಕೂ ಒಂದೊಂದು ಅಡ್ಡ ಕಡ್ಡಿ ಕೊಡುತ್ತಾ ಹೋದ. ಮೂರಕ್ಕೆ ಸ್ವಲ್ಪ ನಿಂತಿತು. ಐದಕ್ಕೂ ಒಂದು ಕಡೆ ಬಳುಕು ಉಳಿದಿತ್ತು. ಆರನೆಯದು ತೂರಿಸಿ, ಅಂಗೈಯಲ್ಲಿ ಹಿಡಿದು ಒತ್ತಿದ. ಅಲ್ಲಾಡಲಿಲ್ಲ. ಮೇಲೆ ನನ್ನ ವರ್ನಿಯರ್ ಡಬ್ಬ ಇಟ್ಟ, ಆಮೇಲೆ ಪಂಚಾಂಗ, ಆಮೇಲೆ ಇಸ್ತ್ರಿ ಪೆಟ್ಟಿಗೆ ತರಲು ಹೋದ. ಬೇಡ ಅಂದೆ.

ಕಿಟಕಿಯಿಂದ ಮನೆಯ ಹಿಂದಿನ ಹೈಟೆನ್ಷನ್ ಟವರು ಕಾಣುತ್ತದೆ. ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದ. ಸಂಜೆ ಮೆಕ್ಯಾನೊ ಕ್ರೇನಿನ ಕತ್ತನ್ನು ತಾನೇ ಬಿಚ್ಚಿ, ಚೌಕದ ಜಾಗದಲ್ಲೆಲ್ಲ ಅಡ್ಡ ಪಟ್ಟಿ ಕೊಟ್ಟು ಮತ್ತೆ ಕಟ್ಟಿದ. ನಾನು ಕೊರೆದ ಮೊದಲ ಪಟ್ಟಿಯೂ ಅಲ್ಲೇ ಉಪಯೋಗಕ್ಕೆ ಬಂತು, ಓರೆಯಾಗಿ ಎರಡೇ ತೂತಿಗೆ ಸಿಕ್ಕಿಸುವಾಗ ನಡುವಿನ ತಪ್ಪು ಯಾರಿಗೆ ಬೇಕು? ಬುಡವನ್ನು ಬೀರುವಿನ ಕಾಲಿಗೆ ಕಟ್ಟಿದ. ತೆಂಗಿನಕಾಯಿ ಎದ್ದಿತು. ಗಲಾಟೆ ಕೇಳಿ ಅಮ್ಮ ಬಂದರು, ಕಾಯಿ ಬಿಚ್ಚಿಕೊಂಡು ಚಟ್ನಿಗೆ ಒಡೆದರು.

ಹನ್ನೊಂದನೇ ದಿನ

ಅಕ್ಕ ಬಂದು ಕರೆದುಕೊಂಡು ಹೋದಳು. ಕ್ರೇನು ಬಿಚ್ಚಿ ಡಬ್ಬಕ್ಕೆ ಹಾಕಿದೆವು. ಬಾಕಿ ಕೆಲಸ ಇವಿಷ್ಟು: ಎರಡು ಸರಳು ಬಾಗಿವೆ, ನೆಟ್ಟಗೆ ಮಾಡಬೇಕು. ಬ್ಲಾಕಿಗೆ ಒಂದು ಗಾಡಿ ಡಬ್ಬ ಆಗಬೇಕು, ಆಚಾರ್ರು ನೋಡೋಣ ಅಂದಿದ್ದಾರೆ. ಅಮ್ಮನಿಗೆ ಹೊಸ ಪೊರಕೆ.

ಎಣಿಸಿದಾಗ ನಟ್ಟು ನಾಲ್ಕು ಕಮ್ಮಿ ಬಂದವು. ಸೋಫಾ ಎತ್ತಿ ಹುಡುಕಿದೆ, ಎರಡು ಸಿಕ್ಕಿದವು. ಮೂರು ದಿನ ಬಿಟ್ಟು ಅಕ್ಕನ ಫೋನು.

‘ಲೋ, ವಾಷಿಂಗ್ ಮಷಿನ್‌ನಲ್ಲಿ ಕಟಕಟ ಅಂತಿತ್ತು ಕಣೋ. ಮೆಕ್ಯಾನಿಕ್ ಬಂದು ಒಂದು ನಟ್ಟು ತೆಗ್ದ. ಇವನ ಚಡ್ಡಿ ಜೇಬಿಂದ. ಎಸೀಲಾ?’

‘ಹಸಿರು ಬಣ್ಣ ಇದ್ಯಾ?’

‘ಇಲ್ಲ, ಬೋಳು.’

‘ಎಸೀಬೇಡ ಅಕ್ಕ, ಎಸೀಬೇಡ. ಒಂದು ಕವರ್‌ನಲ್ಲಿ ಹಾಕಿ ಕೊರಿಯರ್ ಮಾಡು.’